ತಟ್ಟಿದರೆ ಬಿಡಬೇಕು

ಫೆಬ್ರವರಿ 9

ಮಗಳೇ,

ನಾವಿಬ್ಬರೂ ಚೆನ್ನಾಗಿದ್ದೇವೆ. ಮುಖ ಊದಿಸಿಕೊಂಡು ಚೆನ್ನಾಗಿದ್ದೇವೆ. ಭಾನುವಾರ ನಿನ್ನ ಫೋನ್ ಬಂದಾಗ, ನೀವು ಬೆಟ್ಟ ಕೊರೆಯುತ್ತಿರುವ ಆ ಸುರಂಗದ ಬಾಯಲ್ಲಿ ಸಿಗ್ನಲ್ ಇರುವಷ್ಟು ಹೊತ್ತೂ ನಿನ್ನ ಮಗಳೇ ಫೋನಿಗೆ ಜೋತುಬಿದ್ದಿರುತ್ತಾಳೆ. ನನ್ನ ಪಾಲಿಗೆ ಬರುವುದು "ಸರಿ ಅಪ್ಪಾ, ಇಡ್ತೀನಿ" ಮಾತ್ರ. ಅದಕ್ಕೇ ಈ ಕಾಗದ. ನಿಮ್ಮ ಸಾಮಾನಿನ ಲಾರಿಯವನು ತಂದು ಕೊಡುತ್ತಾನಂತೆ. ಕೊಡದಿದ್ದರೆ ಅವನಿಗೂ ಒಂದು ಬರೆಯುತ್ತೇನೆ.

ಟು ಬಿಗಿನ್ ವಿತ್, ನೀನು ಹೋದ ದಿನದ ವಿಷಯ. ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದವಳು ನೀನು, ನಿನ್ನ ಬ್ಯಾಗಿನ ಪಟ್ಟಿ ಹಿಡಿದಿದ್ದವಳು ಅವಳು, ಬೆರಳು ಬಿಡಿಸಿದವನು ನಾನು. ಕಿರುಬೆರಳು ಬಿಡಿಸುವ ಹೊತ್ತಿಗೆ ಹೆಬ್ಬೆರಳು ಮತ್ತೆ ಹಿಡಿದಿರುತ್ತಿತ್ತು. ಕಂಡಕ್ಟರ್ ಸೀಟಿಯ ಮೇಲೆ ಸೀಟಿ ಊದುತ್ತಿದ್ದ. ಅಂಟು ಅನ್ನುವ ಹೆಸರನ್ನು ನಾನು ಇಟ್ಟದ್ದು ತಮಾಷೆಗೆ. ಅವಳಪ್ಪ ಪೆಟ್ಟಿಗೆ ಎತ್ತಿಕೊಂಡು ಬಾಗಿಲು ದಾಟಿದ ದಿನದಿಂದ ಅದು ತಮಾಷೆಯಾಗಿ ಉಳಿದಿಲ್ಲ. ಬಾಗಿಲಾಚೆ ಯಾರು ಕಾಲಿಟ್ಟರೂ ಅವಳಿಗೆ ಏನಾದರೊಂದನ್ನು ಹಿಡಿದುಕೊಳ್ಳಬೇಕು. ಕಸದವನನ್ನೂ ಬಿಟ್ಟಿಲ್ಲ.

ನೀನು ಹೋಗುವ ಮುಂಚೆ ಸೇರಿಸಿ ಹೋದ ಆ ಜೂಡೋ ಕ್ಲಾಸು. ಟೈರ್ ಅಂಗಡಿಯ ಮೇಲಿನ ಉದ್ದ ಹಾಲು, ನೀಲಿ ಮ್ಯಾಟು, ಮೆಟ್ಟಿಲ ತುಂಬಾ ರಬ್ಬರ್ ವಾಸನೆ. ಆತ್ಮರಕ್ಷಣೆ ಕಲಿಸುತ್ತಾರೆ ಅಂದೆಯಲ್ಲ. ಕೇಳು, ಏನು ಕಲಿಸಿದ್ದಾರೆ ಅಂತ. ಬೀಳುವುದು. ಹಿಂದಕ್ಕೆ ಬೀಳುವುದು, ಪಕ್ಕಕ್ಕೆ ಬೀಳುವುದು, ಉರುಳಿ ಬೀಳುವುದು. ಎಂಟು ವರ್ಷದ ಮಗುವಿಗೆ ಬೀಳುವುದನ್ನು ಕಲಿಸಲು ಒಂದು ಕ್ಲಾಸು ಬೇಕೇ? ಅದಾದ ಮೇಲೆ ಮ್ಯಾಟು ಒರೆಸುವುದು. ಉದ್ದನೆಯ ಒದ್ದೆ ಬಟ್ಟೆ; ಜೊತೆಯಲ್ಲಿ ಆಡಿದ ಇಬ್ಬರೂ ಒಂದೊಂದು ತುದಿ ಹಿಡಿದು, ಬಗ್ಗಿಕೊಂಡು, ಈ ಗೋಡೆಯಿಂದ ಆ ಗೋಡೆಗೆ ಓಡಬೇಕು. ನಾನು ನೇರವಾಗಿ ಹೋಗಿ ಕೋಚಮ್ಮನನ್ನು ಕೇಳಿದೆ. ಆಕೆಯ ಒಂದು ಕಿವಿ ಮುರುಟಿಹೋಗಿದೆ, ಯಾರೋ ಹಿಂಡಿ ಬಿಸಾಡಿದ ಬಟ್ಟೆಯ ಹಾಗೆ. ಆ ಕಿವಿಯನ್ನೇ ನನ್ನ ಕಡೆ ತಿರುಗಿಸಿ ಕೇಳಿಸಿಕೊಂಡರು. ಆಮೇಲೆ, ಮ್ಯಾಟು ಕೊಳೆಯಾಗಿದ್ದರೆ ಮಕ್ಕಳಿಗೆ ಕಜ್ಜಿಯಾಗುತ್ತದೆ ಅಂದರು. ಅಷ್ಟೇ ಉತ್ತರ.

ಇನ್ನೊಂದು ನಿಯಮವನ್ನು ಅಂಟು ನನಗೆ ನನ್ನ ಕೈ ತಿರುಚಿಯೇ ತೋರಿಸಿದಳು. ಇಲ್ಲಿ ಒದೆಯುವುದಿಲ್ಲ, ಹೊಡೆಯುವುದಿಲ್ಲ. ಹಿಡಿದು ಬೀಳಿಸಿ ನೆಲಕ್ಕೆ ಒತ್ತುತ್ತಾರೆ. ಕೆಳಗಿದ್ದವರಿಗೆ ಆಗದಿದ್ದರೆ ಮೇಲಿನವರ ಮೈಮೇಲೆ ಎರಡು ಸಲ ತಟ್ಟಬೇಕು. ತಟ್ಟಿದ ತಕ್ಷಣ ಬಿಡಬೇಕು, ಅರೆಗಳಿಗೆಯೂ ಕಾಯುವ ಹಾಗಿಲ್ಲ. ತಟ್ಟಿದವರು ಸೋತ ಹಾಗೆ. ಅವರು ಎದ್ದು ನಿಂತು "ನಾನು ತಟ್ಟಿದೆ" ಅಂತ ತಮ್ಮ ಬಾಯಿಂದಲೇ ಹೇಳಬೇಕು, ಇಬ್ಬರೂ ಬಾಗಬೇಕು, ಇಬ್ಬರೂ ಸೇರಿ ಮ್ಯಾಟು ಒರೆಸಬೇಕು. ನಾನೂ ತಟ್ಟಿದೆ. ನಿವೃತ್ತ ತೂಕ ಅಳತೆ ಇನ್ಸ್‌ಪೆಕ್ಟರ್ ಹಾಸಿಗೆಯ ಮೇಲೆ ಎದ್ದು ನಿಂತು ಮೊಮ್ಮಗಳ ಮುಂದೆ ಸೋಲೊಪ್ಪಿಕೊಳ್ಳುವುದನ್ನು ನಿನ್ನಮ್ಮ ನೋಡಿದ್ದರೆ ನಕ್ಕು ನಕ್ಕು ಕೆಮ್ಮು ಬರಿಸಿಕೊಳ್ಳುತ್ತಿದ್ದಳು.

ಡಿಸೆಂಬರಿಗೆ ಬಂದುಬಿಡುತ್ತೇನೆ ಅಂತ ಅವಳಿಗೆ ಹೇಳಿ ಹೋಗಿದ್ದೀಯ. ಈಗ ಅವಳು ಹಿಡಿದುಕೊಂಡಿರುವುದು ಅದೊಂದನ್ನೇ. ನೆನಪಿರಲಿ.

ಕ್ಲಾಸಿಗೆ ಕಳಿಸುತ್ತಿದ್ದೇನೆ, ಅಂಡರ್ ಪ್ರೊಟೆಸ್ಟ್.

ನಿನ್ನ ಅಪ್ಪ


ಮಾರ್ಚ್ 14

ಅಪ್ಪಾ,

ಲಾರಿಯವನು ಕಾಗದ ಕೊಟ್ಟ. ಅವನಿಗೆ ಬರೆಯುವ ಅಗತ್ಯವಿಲ್ಲ.

ಸುರಂಗದ ಒಳಗೆ ಗಾಳಿ ಕಳಿಸುವ ಫ್ಯಾನುಗಳೆಲ್ಲ ನನ್ನ ಜವಾಬ್ದಾರಿ. ಒಂದು ನಿಂತರೆ ಒಳಗಿರುವವರೆಲ್ಲ ಹೊರಗೆ ಬರಬೇಕು. ಈ ಕೆಲಸಕ್ಕೆ ಹೆಂಗಸನ್ನು ಹಾಕಿದ್ದು ಇದೇ ಮೊದಲು. ಯಾವುದಾದರೂ ಫ್ಯಾನು ಸ್ವಲ್ಪ ಕೆಮ್ಮಿದರೂ ಎಲ್ಲರೂ ನನ್ನ ಮುಖ ನೋಡುತ್ತಾರೆ. ಹೀಗಾಗಿ ನಿದ್ದೆಯಲ್ಲೂ ಅದರ ಸದ್ದಿಗೇ ಕಿವಿ.

ಬೆರಳು ಬಿಡಿಸಿದ್ದನ್ನು ಬರೆಯಬೇಡಿ. ನನಗೆ ಗೊತ್ತಿದೆ. ಪಟ್ಟಿಯ ಮೇಲೆ ಉಗುರಿನ ಗುರುತು ಇನ್ನೂ ಇದೆ. ಅದಕ್ಕೇ ಆ ಕ್ಲಾಸಿಗೆ ಸೇರಿಸಿದ್ದು. ಹಿಡಿಯುವುದು ಅವಳಿಗೆ ಹೇಗೂ ಬರುತ್ತದೆ, ಬಿಡುವುದನ್ನೂ ಕಲಿಯಲಿ ಅಂತ.

ಡಿಸೆಂಬರ್ ನೆನಪಿದೆ.

ನಿಮ್ಮ ಮಗಳು


ಜೂನ್ 20

ಮಗಳೇ,

ನಾನು ಸುಳ್ಳು ತೂಕಕ್ಕೆ ಮುದ್ರೆ ಒತ್ತಿದವನಲ್ಲ. ಆದ್ದರಿಂದ ಇದ್ದದ್ದು ಇದ್ದಹಾಗೆ: ಕ್ಲಾಸಿನಿಂದ ಉಪಯೋಗವಾಗಿದೆ. ಬೇಕಾದರೆ ಎರಡು ಸಲ ಓದಿಕೋ. ಮತ್ತೆ ಬರೆಯುವುದಿಲ್ಲ.

ಹೋದ ವಾರ ಹಾಲಿನ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲಿಂದ ಜಾರಿದಳು. ಅವಳು ಗದ್ದವನ್ನು ಎದೆಗೊತ್ತಿ ಚೆಂಡಿನಂತೆ ಉರುಳಿ, ಕೆಳಗೆ ಕೂತು, "ಹಾಲು ಹೋಯ್ತು ತಾತ" ಅಂದಳು. ಮಂಡಿ ತರಚಿದ್ದು ಬಿಟ್ಟರೆ ಏನೂ ಇಲ್ಲ. ತಾನೇ ಬಟ್ಟೆ ತಂದು ಒಂದು ತುದಿ ನನ್ನ ಕೈಗೆ ಕೊಟ್ಟಳು.

ಸ್ಕೂಲಿನಲ್ಲಿ ಪಕ್ಕದ ಡೆಸ್ಕಿನವಳೊಬ್ಬಳು ಇವಳ ಪೆನ್ಸಿಲುಗಳನ್ನೆಲ್ಲ ತನ್ನವೆಂದೇ ತಿಳಿದಿದ್ದಳು. ಮೊದಲಾದರೆ ಇವಳು ಕೊಟ್ಟು ಮನೆಗೆ ಬಂದು ನನ್ನ ಅಂಗಿ ಹಿಡಿದು ಅಳುತ್ತಿದ್ದಳು. ಈಗ ಎರಡೂ ಕಾಲು ಊರಿ ನಿಂತು "ಬೇಡ" ಅಂದಳಂತೆ. ಕೂಗಲಿಲ್ಲವಂತೆ, ತಳ್ಳಲಿಲ್ಲವಂತೆ. ಆ ಒಂದು "ಬೇಡ"ಕ್ಕೆ ಅವಳು ಪೆನ್ಸಿಲ್ ವಾಪಸ್ ಇಟ್ಟು, ಆಮೇಲೆ ಕೇಳಿ ತೆಗೆದುಕೊಂಡಳಂತೆ. ಈಗ ಇಬ್ಬರೂ ಗೆಳತಿಯರು. ಕೋಪ ಬಂದರೆ ಬಾಯಲ್ಲಿ ಉಸಿರು ಬಿಡುತ್ತಾಳೆ, ಕುಕ್ಕರಿನ ಹಾಗೆ. ನನಗೂ ಹಾಗೆ ಮಾಡು ಅನ್ನುತ್ತಾಳೆ. ನನ್ನ ಕೋಪ ಅಷ್ಟು ಸುಲಭಕ್ಕೆ ಸಿಗುವಂಥದ್ದಲ್ಲ, ಖರ್ಚು ಮಾಡುವುದಿಲ್ಲ ಅಂದೆ.

ಈಗ ನನ್ನ ಕೋಪಕ್ಕೆ ಕಾರಣ. ಅವಳ ಟೀಚರ್ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, ಎಷ್ಟು ಪ್ರಬುದ್ಧಳಾಗಿದ್ದಾಳೆ, ಇನ್ನು ಇವಳಮ್ಮ ನಿಶ್ಚಿಂತೆಯಿಂದ ಇರಬಹುದು ಅಂದರು. ಐ ಟೇಕ್ ಸ್ಟ್ರಾಂಗ್ ಎಕ್ಸೆಪ್ಷನ್. ಮಗು ತನ್ನ ಕಾಲ ಮೇಲೆ ತಾನು ನಿಲ್ಲಲು ಕಲಿತರೆ ಅದು ಮಗುವಿನ ಸಂಪಾದನೆ. ಅದನ್ನು ನೋಡಿ ಸುತ್ತಲಿನ ದೊಡ್ಡವರೆಲ್ಲ ಕೈ ಕಟ್ಟಿ ಕೂರುವುದಾದರೆ, ಇವಳು ಬೆವರು ಹರಿಸಿದ್ದು ಯಾರ ಸುಖಕ್ಕೆ?

ನಿನ್ನ ಅಪ್ಪ


ಆಗಸ್ಟ್ 25

ಮಗಳೇ,

ನಿನ್ನೆ ಅಂಟುವಿನ ಮೊದಲ ಪಂದ್ಯ. ಅವಳು ಫೋನಿನಲ್ಲಿ "ಸೋತೆ ಅಮ್ಮಾ" ಅಂತ ಹೇಳಿ ಊಟದ ವಿಷಯಕ್ಕೆ ಹೋಗುತ್ತಾಳೆ, ಬರೆದಿಟ್ಟುಕೋ. ಅವಳು ಸೋಲಲಿಲ್ಲ.

ಬೆಳಿಗ್ಗೆ ಮಕ್ಕಳ ತೂಕ ನೋಡುವ ಯಂತ್ರವನ್ನು ಅವರು ಮ್ಯಾಟಿನ ಮೇಲೆ ಇಟ್ಟಿದ್ದರು. ಮೆತ್ತನೆಯ ನೆಲದ ಮೇಲೆ ತೂಕದ ಯಂತ್ರ. ನಾನು ಮೂವತ್ತು ವರ್ಷ ತಕ್ಕಡಿಗಳ ಸಹವಾಸ ಮಾಡಿದವನು, ಸುಮ್ಮನಿರಲು ಆಗುತ್ತದೆಯೇ? ಗಟ್ಟಿ ನೆಲಕ್ಕೆ ಇಳಿಸುವ ತನಕ ಬಿಡಲಿಲ್ಲ. ಅಂಟು ಕೋಚಮ್ಮನ ಹಿಂದೆ ಅವಿತುಕೊಂಡಿದ್ದಳು, ಈ ತಾತ ನಮ್ಮವರಲ್ಲ ಅನ್ನುವ ಹಾಗೆ. ತೂಕವೊಂದು ಸರಿಹೋಯಿತು. ಆಮೇಲಿನದು ಯಾವುದೂ ಸರಿಹೋಗಲಿಲ್ಲ.

ಎದುರಿಗೆ ಬೇರೆ ಕ್ಲಬ್ಬಿನ ಗುಂಗುರು ಕೂದಲಿನ ಹುಡುಗಿ. ನಮ್ಮವಳು ಅವಳನ್ನು ಬೀಳಿಸಿ ನೆಲಕ್ಕೆ ಒತ್ತಿದಳು. ಗಂಟೆ ಬಾರಿಸುವ ತನಕ ಹಾಗೇ ಹಿಡಿದಿದ್ದರೆ ಗೆಲುವು. ನೀನು ಹೆತ್ತ ಮಗು, ಹಿಡಿದರೆ ಬಿಡುವುದುಂಟೇ ಅಂತ ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ. ಆಗ ಆ ಹುಡುಗಿ ನಮ್ಮವಳ ಬೆನ್ನ ಮೇಲೆ ತಟ್ಟಿದಳು. ಎರಡು ಸಲ. ನಾನು ಕೂತಿದ್ದ ಕಡೆಗೇ ಆ ಕೈ ಇತ್ತು, ನನ್ನ ಕನ್ನಡಕ ಹೊಸದು. ರೆಫರಿ ಆಚೆ ಕಡೆ ಮಂಡಿಯೂರಿದ್ದ. ಅಂಟು ತಕ್ಷಣ ಬಿಟ್ಟಳು. ಬಿಟ್ಟು, ಎದ್ದು, ಬಾಗಲು ಅಂಗಿ ಸರಿಮಾಡಿಕೊಳ್ಳುತ್ತಿದ್ದಳು. ಆ ಹುಡುಗಿ ಅವಳ ಕಾಲೆಳೆದು ಕೆಡವಿ ಮೇಲೆ ಕೂತಳು. ಗಂಟೆ ಹೊಡೆಯಿತು. ಆ ಹುಡುಗಿಯ ಕೈ ಎತ್ತಿದರು.

ನಾನು ಮ್ಯಾಟಿನ ತನಕ ಹೋದೆ, ಚಪ್ಪಲಿ ಹಾಕಿಕೊಂಡೇ. ರೆಫರಿ, ತಾನು ನಿಲ್ಲಿಸು ಅನ್ನುವ ತನಕ ಆಟ ನಿಂತ ಹಾಗಲ್ಲ, ತಾನು ಕಾಣದ್ದು ಆದ ಹಾಗಲ್ಲ ಅಂದ. ಇಟ್ ಈಸ್ ದಿ ಹೈಟ್ ಆಫ್... ಮುಂದಿನ ಪದ ಮರೆತೆ, ಏನೋ ಒಂದರ ಹೈಟ್ ಅಂತ ಅವನಿಗೆ ಇಂಗ್ಲಿಷಿನಲ್ಲೇ ಹೇಳಿ ಬಂದೆ. ಆ ಹುಡುಗಿಯ ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟು, "ಆಟ ಅಂದ್ಮೇಲೆ ಇದೆಲ್ಲ ಇದ್ದದ್ದೇ ಅಲ್ವಾ ಯಜಮಾನ್ರೇ" ಅಂದ. ತಕ್ಕಡಿ ತಟ್ಟೆಯ ಅಡಿಗೆ ಅಯಸ್ಕಾಂತ ಅಂಟಿಸಿದವರೆಲ್ಲ ನನಗೆ ಇದೇ ಮಾತು ಹೇಳುತ್ತಿದ್ದರು. ಅಲ್ಲಿ ವ್ಯಾಪಾರ, ಇಲ್ಲಿ ಆಟ, ಅಷ್ಟೇ ವ್ಯತ್ಯಾಸ. ಅವರ ತಕ್ಕಡಿ ಕಿತ್ತುಕೊಳ್ಳುವ ಅಧಿಕಾರ ನನಗಿತ್ತು. ಇಲ್ಲಿ ಏನಿದೆ?

ಕೋಚಮ್ಮನಿಗೆ ಹೇಳಿದೆ: ರೆಫರಿ ಹೇಳುವ ತನಕ ಬಿಡಬಾರದು ಅಂತ ಕಲಿಸಿ, ಇಲ್ಲದಿದ್ದರೆ ನಾಳೆಯಿಂದ ನಮ್ಮ ಹುಡುಗಿ ಬರುವುದಿಲ್ಲ. ಆಕೆಗೂ ಸಿಟ್ಟು ಬಂದಿತ್ತು, ಆ ಮುರುಟು ಕಿವಿ ಕೆಂಪಗಾಗಿತ್ತು. ಆದರೂ ಹೇಳಿದ್ದು ಇಷ್ಟು: "ಹಾಗೆ ಕಲಿಸ್ತೀನಿ ಅಂತಿಟ್ಕೊಳ್ಳಿ. ನಾಳೆ ಕ್ಲಾಸಲ್ಲಿ ರೆಫರಿ ಇರಲ್ಲ. ಯಾರ ಮಗುವಿನ ಕೈ ಮುರಿಯುತ್ತೆ, ನೀವೇ ಆರಿಸಿ." ನ್ಯಾಯವಾದ ಮಾತು ಕೇಳಿದಾಗ ನನ್ನ ಕೋಪ ಇಮ್ಮಡಿಯಾಗುತ್ತದೆ, ನಿನಗೆ ಗೊತ್ತು.

ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಮನೆಗೆ ಬಂದು ಅವಳ ಬೆಲ್ಟು ಬಿಚ್ಚುವಾಗ, ಯಾಕೆ ಬಿಟ್ಟೆ ಅಂತ ಕೇಳಿದೆ.

"ತಟ್ಟಿದಳು ತಾತ."

"ರೆಫರಿ ನೋಡಲಿಲ್ಲವಲ್ಲ."

"ರೆಫರಿ ಬೆನ್ನ ಮೇಲಾ ತಟ್ಟಿದ್ದು? ನನ್ನ ಬೆನ್ನ ಮೇಲೆ."

ಅಷ್ಟು ಹೇಳಿ ಕುಕ್ಕರಿನ ಹಾಗೆ ಉಸಿರು ಬಿಟ್ಟು ಕೈಕಾಲು ತೊಳೆಯಲು ಹೋದಳು. ನಲ್ಲಿ ಬಹಳ ಹೊತ್ತು ಓಡುತ್ತಿತ್ತು. ನಾನು ಬಾಗಿಲು ತಟ್ಟಲಿಲ್ಲ.

ಇನ್ನು ಆ ಕ್ಲಾಸಿಗೆ ಕಳಿಸಬೇಕೋ ಬೇಡವೋ, ನೀನೇ ಹೇಳು. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಬಿಡುವುದನ್ನು ಕಲಿತ ಮಗುವಿನ ಮೇಲೆ ಲೋಕ ಕಾಲಿಟ್ಟು ಹತ್ತುತ್ತದೆ.

ನಿನ್ನ ಅಪ್ಪ


ಸೆಪ್ಟೆಂಬರ್ 17

ಅಪ್ಪಾ,

ಬಿಡಿಸಬೇಡಿ. ನಿಮ್ಮ ಕಾಗದವನ್ನು ಫ್ಯಾನಿನ ಕೋಣೆಯಲ್ಲಿ ನಿಂತೇ ಓದಿದೆ. "ನನ್ನ ಬೆನ್ನ ಮೇಲೆ" ಅನ್ನುವ ಸಾಲು ಬಂದಾಗ ಹೆಲ್ಮೆಟ್ ತೆಗೆದು ಕೂತುಬಿಟ್ಟೆ. ನಮ್ಮಿಬ್ಬರಲ್ಲಿ ಯಾರೂ ಅವಳಿಗೆ ಅದನ್ನು ಕಲಿಸಲಿಲ್ಲ.

ಒಂದು ವಿಷಯ. ನೀವು ಕೂಗಾಡುವ ಮುಂಚೆ ಪೂರ್ತಿ ಓದಿ. ಬೆಟ್ಟದ ಆಚೆ ಮಗ್ಗುಲಿಗೆ ಎರಡನೇ ಸುರಂಗ ಶುರುವಾಗುತ್ತಿದೆ. ಅದರ ಗಾಳಿ, ದೀಪ, ಎಲ್ಲದರ ಮೇಲ್ವಿಚಾರಣೆ ನನಗೇ ಅಂದಿದ್ದಾರೆ. ಇಲ್ಲಿಗೆ ಬಂದಾಗ ನನ್ನನ್ನು ನೋಡಿ ನಕ್ಕವರೆಲ್ಲ ಆಗ ನನ್ನ ಕೈಕೆಳಗೆ ಇರುತ್ತಾರೆ. ಒಪ್ಪಿದರೆ ಈ ಡಿಸೆಂಬರಿಗಲ್ಲ, ಮುಂದಿನ ವರ್ಷದ ಡಿಸೆಂಬರಿಗೆ ವಾಪಸ್. ಹೋದ ವರ್ಷವಾಗಿದ್ದರೆ ಯೋಚನೆಯನ್ನೂ ಮಾಡುತ್ತಿರಲಿಲ್ಲ. ಈಗ ಅವಳು ಗಟ್ಟಿಯಾಗಿದ್ದಾಳೆ ಅಂತ ನೀವೇ ಬರೆದಿದ್ದೀರಿ.

ನವೆಂಬರಿನ ಮೊದಲ ವಾರ ಬಂದು ಹೋಗುತ್ತೇನೆ. ಅವಳಿಗೆ ನಾನೇ ಹೇಳುತ್ತೇನೆ. ನೀವು ಹೇಳಬೇಡಿ.

ನಿಮ್ಮ ಮಗಳು


ಸೆಪ್ಟೆಂಬರ್ 28

ಮಗಳೇ,

ಪೂರ್ತಿ ಓದಿದೆ. ಈಗ ಕೂಗಾಡಬಹುದೇ?

ನಾನು ಬರೆದ ಒಳ್ಳೆಯ ಮಾತನ್ನು ನನ್ನ ಮೇಲೇ ತೂಕದ ಕಲ್ಲಾಗಿ ಇಟ್ಟಿದ್ದೀಯ. ನಿನ್ನ ಕೆಲಸ ಚಿಕ್ಕದು ಅಂತ ನಾನು ಎಂದೂ ಅಂದಿಲ್ಲ. ಎಲ್ಲರೂ ನಕ್ಕಾಗ ನಿನ್ನನ್ನು ಓದಿಸಿದವನು ನಾನು. ಆದರೆ ಒಂದು ಮಗು ಅಳುವುದನ್ನು ನಿಲ್ಲಿಸಿದೆ ಅಂದರೆ ಅದಕ್ಕೆ ನೋವಿಲ್ಲ ಅಂತ ಯಾವ ಅಳತೆಗೋಲು ಹೇಳುತ್ತದೆ?

ಹೇಳುವುದಿಲ್ಲ. ನೀನೇ ಹೇಳು. ಮುಖ ನೋಡಿ ಹೇಳು.

ಅಪ್ಪ


ನವೆಂಬರ್ 8

ಮಗಳೇ,

ನೀನು ತಲುಪಿರುತ್ತೀಯ. ಇದು ನಿನಗಿಂತ ಒಂದು ಲಾರಿ ಹಿಂದೆ ಬರುತ್ತದೆ.

ನೀನು ಮೂರು ದಿನ ಮನೆಯಲ್ಲಿ ಇದ್ದೆ. ಅವಳ ಕ್ಲಾಸಿಗೆ ಹೋದೆ, ಕೋಚಮ್ಮನ ಕೈ ಕುಲುಕಿದೆ, ರಾತ್ರಿಯೆಲ್ಲ ಅವಳ ಹಿಡಿತಕ್ಕೆ ಸಿಕ್ಕಿ ಹಾಸಿಗೆಯ ಮೇಲೆ ಉರುಳಾಡಿ ನಕ್ಕೆ. ಹೇಳಲಿಲ್ಲ. ಪ್ರತಿ ಸಲ ನೀನು ಬಾಯಿ ತೆರೆದಾಗ ನಾನು ಪೇಪರ್ ಹಿಡಿದುಕೊಂಡು ಆಚೆ ಹೋದೆ. ವಾಪಸ್ ಬಂದರೆ ನೀನು ಅವಳಿಗೆ ಜಡೆ ಹಾಕುತ್ತಿರುತ್ತಿದ್ದೆ. ಕೊನೆಗೆ ಹೇಳಿದ್ದು ಎಲ್ಲಿ? ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿನ ಇಂಜಿನ್ ಗುರ್ರೆನ್ನುವಾಗ.

ಅವಳು ನಿನ್ನ ಸೊಂಟ ತಬ್ಬಿ ಹಿಡಿದಳು. ಆ ಹಿಡಿತ ನನಗೆ ಗೊತ್ತು; ಅದನ್ನು ಈಗ ನಾನು ಬಿಡಿಸಲಾರೆ, ನೀನೂ ಬಿಡಿಸಲಾರೆ, ಇಬ್ಬರು ಕಂಡಕ್ಟರುಗಳೂ ಬಿಡಿಸಲಾರರು. ನೀನು ಬಾಗಿಲ ಕಡೆ ನೋಡಿದೆ. ಆಮೇಲೆ ಅವಳ ಬೆನ್ನ ಮೇಲೆ ತಟ್ಟಿದೆ. ಎರಡು ಸಲ.

ಅವಳು ಬಿಟ್ಟಳು. ತಕ್ಷಣ. ಎರಡು ಹೆಜ್ಜೆ ಹಿಂದೆ ಸರಿದು, ಅಂಗಿ ಸರಿಮಾಡಿಕೊಂಡು, ಆ ಜನರ ನಡುವೆ, ಪೆಟ್ಟಿಗೆಗಳ ನಡುವೆ, ನಿನಗೆ ಬಾಗಿದಳು. ನೀನು ಬಸ್ಸು ಹತ್ತಿದೆ.

ನಿನಗೆ ಆ ವಿದ್ಯೆ ಹೇಳಿಕೊಟ್ಟವನು ನಾನೇ, ಫೆಬ್ರವರಿಯ ಕಾಗದದಲ್ಲಿ. ಅದನ್ನು ಹೀಗೆ ಬಳಸುತ್ತೀಯ ಅಂತ ಗೊತ್ತಿದ್ದರೆ ಆ ಹಾಳೆ ಹರಿದು ಹಾಕುತ್ತಿದ್ದೆ. ಆ ಗುಂಗುರು ಕೂದಲಿನ ಹುಡುಗಿಯನ್ನು ನಾನು ಎಷ್ಟು ಬೈದಿದ್ದೇನೆ. ಅವಳಿಗೆ ಎಂಟು ವರ್ಷ. ನಿನಗೆಷ್ಟು?

ಬಸ್ಸು ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಅಳುತ್ತಾಳೆ ಅಂತ ನಾನು ಕರ್ಚೀಫು ತೆಗೆದೆ. ಅಳಲಿಲ್ಲ. ಕಾಯುತ್ತಿದ್ದಳು. ಏನಕ್ಕೆ ಅಂತ ನನಗೆ ತಿಳಿಯಲಿಲ್ಲ. ಮನೆಯ ತಿರುವಿನ ತನಕ ಬಂದ ಮೇಲೆ ಹೇಳಿದಳು.

"ತಾತ, ಅಮ್ಮ ಹೇಳಲೇ ಇಲ್ಲ."

"ಹೇಳಿದಳಲ್ಲ ಪುಟ್ಟಾ, ಮುಂದಿನ ವರ್ಷ ಅಂತ."

"ಅದಲ್ಲ. ತಟ್ಟಿದೆ ಅಂತ."

ಇದಕ್ಕಿಂತ ಹೆಚ್ಚು ಬರೆಯಲು ಬೇಕಾದ ಇಂಗ್ಲಿಷೂ ನನಗೆ ನೆನಪಿಗೆ ಬರುತ್ತಿಲ್ಲ, ಕನ್ನಡವೂ ಬರುತ್ತಿಲ್ಲ.

ರೆಫರಿ ನೋಡಲಿಲ್ಲ. ನಾನು ನೋಡಿದೆ.

ಅಪ್ಪ


ನವೆಂಬರ್ 21

ಅಂಟು,

ಇದು ನಿನಗೇ ಬರೆದ ಕಾಗದ. ತಾತನಿಗೆ ಬೇಕಾದರೆ ಓದಿ ಹೇಳು.

ಬಸ್ ಸ್ಟ್ಯಾಂಡಿನಲ್ಲಿ ನಾನು ತಟ್ಟಿದೆ.

ತಟ್ಟಬೇಕು ಅಂತ ಅಂದುಕೊಂಡಿರಲಿಲ್ಲ. ಬಸ್ಸು ಹೊರಡುತ್ತಿತ್ತು, ನಿನ್ನ ಕೈ ಬಿಗಿಯಾಗಿತ್ತು, ನನ್ನ ಕೈ ತಾನಾಗಿ ಹಾಗೆ ಮಾಡಿತು. ನೀನು ಬಿಟ್ಟುಬಿಟ್ಟೆ. ಬಿಟ್ಟ ಮೇಲೆ ನಾನು ಎದ್ದು ನಿಂತು ಹೇಳಬೇಕಿತ್ತು. ಹೇಳದೆ ಹೋಗಿ ಕಿಟಕಿ ಪಕ್ಕ ಕೂತೆ. ಬಸ್ಸು ಬೆಟ್ಟ ಹತ್ತುವ ತನಕ ನಿನ್ನ ಕೈ ಇದ್ದ ಜಾಗ ಬಿಸಿಯಾಗಿಯೇ ಇತ್ತು.

ತಟ್ಟಿದವರು ಸೋತ ಹಾಗೆ, ಅಲ್ಲವೇ? ನಿಯಮ ನಿಯಮವೇ. ಎರಡನೇ ಸುರಂಗಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಅಂತ ನಿನ್ನೆ ಹೇಳಿದೆ. ಬೇಜಾರಿಲ್ಲವೇ ಅಂತ ಕೇಳಿದರು. ಇದೆ ಅಂದೆ. ಸೋತರೆ ಬೇಜಾರಾಗುತ್ತದೆ, ನಿನಗೂ ಆಗಿತ್ತು, ನಲ್ಲಿ ಬಿಟ್ಟುಕೊಂಡು ಅತ್ತೆಯಲ್ಲ. ನಾನು ಇಲ್ಲಿ ಫ್ಯಾನಿನ ಕೋಣೆಯಲ್ಲಿ ಅಳುತ್ತೇನೆ, ಅಲ್ಲಿಯ ಸದ್ದಿಗೆ ಯಾರಿಗೂ ಕೇಳಿಸುವುದಿಲ್ಲ.

ಡಿಸೆಂಬರಿನಲ್ಲಿ ಈ ಸುರಂಗ ಆಚೆ ತಲುಪುತ್ತದೆ. ಅದು ತಲುಪಿದ ಮರುದಿನದ ಬಸ್ಸಿಗೆ ನಾನು.

ಬಾಗಿದ್ದೇನೆ. ನಿನಗೆ ಕಾಣುವುದಿಲ್ಲ, ಆದರೆ ಬಾಗಿದ್ದೇನೆ.

ಅಮ್ಮ


ಡಿಸೆಂಬರ್ 2

ಮಗಳೇ,

ಜೊತೆಗಿರುವುದು ಅವಳ ಕಾಗದ. ನಾನು ಓದಿಲ್ಲ, ಓದಲು ಕೊಡದೆ ಅಂಚೆಲ್ಲ ಅಂಟಿಸಿಬಿಟ್ಟಿದ್ದಾಳೆ. ನಿನ್ನದನ್ನು ಓದಿ ಹೇಳಿದಳು, ಒಂದು ಸಾಲನ್ನು ಮಾತ್ರ ಎರಡು ಸಲ. ಯಾವುದು ಅಂತ ಬರೆಯುವುದಿಲ್ಲ.

ನನ್ನ ಕೋಪ ಇಳಿದಿಲ್ಲ. ಎಂಟು ವರ್ಷದವಳು ಗಳಿಗೆಯಲ್ಲಿ ಮಾಡುವುದನ್ನು ಮಾಡಲು ನಿನಗೆ ಎರಡು ವಾರ ಬೇಕಾಯಿತು. ಬಂದ ಮೇಲೆ ಮುಖಾಮುಖಿ ಬೈಯುವುದಿದೆ. ಸ್ವೆಟರ್ ಹಾಕಿಕೊಂಡು ಬಾ, ಬಸ್ಸಿನಲ್ಲಿ ಗಾಳಿ.

ಅಪ್ಪ


ಅಮ್ಮಾ,

ಸರಿ.

ನಾನೂ ಬಾಗಿದೆ. ತಾತ ಯಾಕೆ ಗೋಡೆಗೆ ಬಾಗುತ್ತೀಯ ಅಂದರು. ಹೇಳಲಿಲ್ಲ.

ಆಟ ಇನ್ನೂ ಪೂರ್ತಿ ಮುಗಿದಿಲ್ಲ. ತಟ್ಟಿದ ಮೇಲೆ ಇಬ್ಬರೂ ಸೇರಿ ಮ್ಯಾಟು ಒರೆಸಬೇಕು. ಒಬ್ಬರೇ ಒರೆಸಿದರೆ ಬಟ್ಟೆ ಸುಕ್ಕಾಗುತ್ತೆ. ನಮ್ಮ ಮನೇಲಿ ಮ್ಯಾಟಿಲ್ಲ, ಅದಕ್ಕೆ ನಡುಮನೆ ಒರೆಸೋಣ. ನೀನು ಬರೋ ತನಕ ಒರೆಸಬೇಡಿ ಅಂತ ತಾತನಿಗೆ ಹೇಳಿದೀನಿ, ಧೂಳು ಅಂತ ಬಯ್ತಾ ಇದಾರೆ.

ಬಟ್ಟೆ ನೆನೆಸಿ ಹಿಂಡಿ ಇಡ್ತೀನಿ. ಒಂದು ತುದಿ ನಾನು ಹಿಡ್ಕೊಂಡಿರ್ತೀನಿ.

ಅಂಟು